ಕುರಿಗಾಗಿ ಬೆಳೆದ ತರಕಾರಿ

ಎಲೆಕೋಸಿನ ಧಾರಣೆ ಕುಸಿದ ವರ್ಷ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ರೈತ ಕೊಯ್ಲಿನ ಕೂಲಿ, ಚೀಲ, ಗಾಡಿ ಬಾಡಿಗೆ, ಮಂಡಿಯ ಖರ್ಚು ಎಲ್ಲವನ್ನೂ ಬೆರಳ ಮೇಲೆ ಎಣಿಸಿ ನೋಡುತ್ತಾನೆ. ಕೊಯ್ದರೆ ನಷ್ಟ ಹೆಚ್ಚು, ಬಿಟ್ಟರೆ ಕಡಿಮೆ ಎಂದು ಕಂಡ ದಿನ ಹೊಲಕ್ಕೆ ಕುರಿ ಬಿಡುತ್ತಾನೆ. ಟೊಮೇಟೊ ಬೆಳೆದವನ ಪಾಡೂ ಇದೇ. 2020ರ ಲಾಕ್‌ಡೌನ್ ದಿನಗಳಲ್ಲಿ ಮಾರುಕಟ್ಟೆಯ ದಾರಿಯೇ ಮುಚ್ಚಿದಾಗ ರಾಜ್ಯದ ಅನೇಕ ಕಡೆ ಇಂಥ ಹೊಲಗಳನ್ನು ನಾವು ಕಂಡೆವು. ದೂರದರ್ಶನದ ಪರದೆಯ ಮೇಲೆ ಆ ದೃಶ್ಯ ಬಂದಾಗ ನೋಡುವವರ ಕರುಳು ಚುರುಕ್ಕೆನ್ನುತ್ತದೆ. ಬೆವರು ಸುರಿಸಿ ಬೆಳೆದದ್ದು ಕುರಿಯ ಪಾಲಾಯಿತಲ್ಲ ಎಂದು ಮರುಗುತ್ತೇವೆ.

ಮರುಕ ಸಹಜವೇ. ಆದರೆ ತರಕಾರಿ ಕುರಿಯ ಬಾಯಿಗೆ ಹೋಗುವುದು ಸೋಲಿನ ಗುರುತಾಗಿಯೇ ಇರಬೇಕಾಗಿಲ್ಲ. ಕುರಿ ತಿನ್ನಲೆಂದೇ ಸಾವಿರಾರು ಎಕರೆಯಲ್ಲಿ ಗೆಡ್ಡೆ ತರಕಾರಿಯನ್ನು ಬಿತ್ತಿ, ಕಳೆ ಕಿತ್ತು, ಮಗುವಿನಂತೆ ಸಾಕಿ, ಕೊನೆಗೆ ಹೊಲದಲ್ಲಿಯೇ ಕುರಿಗೆ ಒಪ್ಪಿಸಿದ ನಾಡೊಂದಿತ್ತು. ಆ ಪದ್ಧತಿಯಿಂದ ಅಲ್ಲಿನ ಗೋಧಿಯ ಇಳುವರಿ ಏರಿತು, ಜನಸಂಖ್ಯೆ ಬೆಳೆಯಿತು, ಕೆಲವರು ಧಣಿಗಳಾದರು, ಇನ್ನು ಕೆಲವರು ಇದ್ದ ತುಂಡು ನೆಲವನ್ನೂ ಕಳೆದುಕೊಂಡರು. ಇಂಗ್ಲೆಂಡಿನ ಪೂರ್ವ ತೀರದ ನಾರ್ಫೋಕ್ ಎಂಬ ಪ್ರಾಂತದ ಕಥೆ ಇದು. ಬೆಳೆಯ ಹೆಸರು ಟರ್ನಿಪ್.

ಟರ್ನಿಪ್ ನಮಗೆ ತೀರ ಅಪರಿಚಿತವಲ್ಲ. ಬೆಂಗಳೂರಿನ ಮಾರುಕಟ್ಟೆಯಲ್ಲಿ ನವಿಲುಕೋಸಿನ ಪಕ್ಕದಲ್ಲಿ, ಅರ್ಧ ಬಿಳುಪು ಅರ್ಧ ನೇರಳೆ ಬಣ್ಣದ, ಬುಗುರಿಯಂಥ ಗೆಡ್ಡೆಯನ್ನು ಕಂಡವರಿರಬಹುದು. ಎಲೆಕೋಸು, ಹೂಕೋಸು, ಸಾಸಿವೆ, ಟರ್ನಿಪ್ ಇವೆಲ್ಲ ಒಂದೇ ಮನೆತನದವು; ಮೂಲಂಗಿ ಇವುಗಳ ದಾಯಾದಿ. ನೂರು ಕಿಲೋ ಟರ್ನಿಪ್ಪಿನಲ್ಲಿ ತೊಂಬತ್ತು ಕಿಲೋ ನೀರೇ. ಇಷ್ಟು ನೀರಾದ ತರಕಾರಿ ಒಂದು ದೇಶದ ಬೇಸಾಯವನ್ನು ಬದಲಿಸಿತೆಂದರೆ ಮೊದಲಿಗೆ ನಂಬುವುದು ಕಷ್ಟ.

ಅಲ್ಲಿನ ಹಳೆಯ ಬೇಸಾಯವನ್ನು ಸ್ವಲ್ಪ ನೋಡಬೇಕು. ನಮ್ಮಲ್ಲಿ ಮೇವಿನ ಬರ ಬೇಸಿಗೆಯಲ್ಲಿ ಬರುತ್ತದೆ, ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ. ನವೆಂಬರಿನಿಂದ ಮಾರ್ಚಿಯವರೆಗೆ ಹುಲ್ಲು ಚಿಗುರುವುದಿಲ್ಲ. ಬೇಸಿಗೆಯಲ್ಲಿ ಒಣಗಿಸಿಟ್ಟ ಹುಲ್ಲೇ ಆಧಾರ. ಅದು ಎಷ್ಟಿದೆಯೋ ಅಷ್ಟೇ ದನ, ಅಷ್ಟೇ ಕುರಿ. ದನ ಕುರಿ ಕಡಿಮೆಯಾದರೆ ಗೊಬ್ಬರ ಕಡಿಮೆ, ಗೊಬ್ಬರ ಕಡಿಮೆಯಾದರೆ ಕಾಳು ಕಡಿಮೆ. ಹೊಲದ ಸಾರ ಉಳಿಯಲೆಂದು ಎರಡು ಮೂರು ವರ್ಷಕ್ಕೊಮ್ಮೆ ಬೀಳು ಬಿಡುತ್ತಿದ್ದರು. ಬೀಳು ಬಿಟ್ಟ ವರ್ಷ ಉಳುಮೆಯ ಖರ್ಚುಂಟು, ಫಸಲಿಲ್ಲ.

ನಾರ್ಫೋಕಿನ ಪಶ್ಚಿಮ ಭಾಗ ಮರಳು ಮಿಶ್ರಿತ ಹಗುರ ಮಣ್ಣಿನ ಸೀಮೆ. ಗೊಬ್ಬರ ನಿಲ್ಲದ ನೆಲ. ಅಂಥ ನೆಲಕ್ಕೆ ಕುರಿಯ ಹಿಕ್ಕೆ ಮತ್ತು ಕುರಿಯ ಗೊರಸಿನ ತುಳಿತ ಎರಡೂ ಬೇಕು. ಹಿಕ್ಕೆಯಿಂದ ಸಾರ ಸೇರುತ್ತದೆ, ತುಳಿತದಿಂದ ಸಡಿಲ ಮಣ್ಣು ಬಿಗಿಯುತ್ತದೆ. ಆದ್ದರಿಂದ ಅಲ್ಲಿ ಹಗಲು ಕುರಿ ಮೇಯಿಸಿ ರಾತ್ರಿ ಹೊಲದಲ್ಲಿ ಮಂದೆ ಕೂಡಿಸುವ ವಾಡಿಕೆ ಬಹು ಹಿಂದಿನಿಂದ ಇತ್ತು. ನಮ್ಮ ಬಯಲುಸೀಮೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸವಿರುವುದು ಮಂದೆಯ ಯಜಮಾನಿಕೆಯಲ್ಲಿ.

ನಮ್ಮಲ್ಲಿ ಮಂದೆ ಕುರುಬರದ್ದು ಅಥವಾ ಗೊಲ್ಲರದ್ದು, ಹೊಲ ರೈತನದ್ದು. ಸುಗ್ಗಿ ಮುಗಿದ ಮೇಲೆ ರೈತನೇ ಹೋಗಿ ಮಂದೆಯವರನ್ನು ಕರೆಯುತ್ತಾನೆ. ಇಷ್ಟು ರಾತ್ರಿ ನಮ್ಮ ಹೊಲದಲ್ಲಿ ತರುಬಿ ಎಂದು ಮಾತಾಗುತ್ತದೆ. ಅದಕ್ಕೆ ಜೋಳವೋ ರಾಗಿಯೋ ರೊಕ್ಕವೋ ಕೊಡುತ್ತಾನೆ. ಕುರಿ ಕೂತ ಹೊಲದಲ್ಲಿ ಎರಡು ಮೂರು ಬೆಳೆಗೆ ಸಾರ ಉಳಿಯುತ್ತದೆಂಬುದು ರೈತನ ಅನುಭವ. ಆದ್ದರಿಂದ ಕೊಡುವುದಕ್ಕೆ ಗೊಣಗುವುದಿಲ್ಲ. ಕುರುಬನಿಗೆ ನೆಲವಿಲ್ಲದಿದ್ದರೂ ಅವನ ಕೈಯಲ್ಲಿ ಗೊಬ್ಬರವಿದೆ, ಆ ಗೊಬ್ಬರಕ್ಕೊಂದು ಬೆಲೆ ಇದೆ.

ನಾರ್ಫೋಕಿನಲ್ಲಿ ಮಂದೆ ಜಮೀನುದಾರನದ್ದು. ಗೇಣಿದಾರರ ಪಟ್ಟೆ ಪಟ್ಟೆ ಹೊಲಗಳ ಮೇಲೆಲ್ಲ ಸುಗ್ಗಿಯ ನಂತರದಿಂದ ವಸಂತದವರೆಗೆ ತನ್ನ ಕುರಿ ಮೇಯಿಸುವ ಹಕ್ಕು ಅವನಿಗಿತ್ತು. ಗೇಣಿದಾರ ತನ್ನ ಕೆಲವೇ ಕುರಿಗಳನ್ನು ಆ ಮಂದೆಯೊಡನೆ ಬಿಡಬಹುದಾಗಿತ್ತು, ಅಷ್ಟೆ. ರಾತ್ರಿ ಮಂದೆ ಎಲ್ಲಿ ಕೂರಬೇಕೆಂಬುದು ಧಣಿಯ ಮರ್ಜಿ. ತನ್ನ ಹೊಲದ ಕೂಳೆಯನ್ನೇ ಮೇಯ್ದ ಕುರಿಯ ಹಿಕ್ಕೆ ತನಗೆ ಬೇಕಾದರೆ ಗೇಣಿದಾರ ಕೆಲವೆಡೆ ಹಣ ತೆರಬೇಕಾಗಿತ್ತು. ಉಣ್ಣೆಗೆ ಒಳ್ಳೆಯ ಬೆಲೆ ಬಂದ ಹದಿನಾರನೆಯ ಶತಮಾನದಲ್ಲಿ ಧಣಿಗಳು ಮಂದೆಯನ್ನು ಹಿಗ್ಗಿಸಿ ಊರ ಗೋಮಾಳವನ್ನೂ ಮೇಯಿಸಿಬಿಟ್ಟರು.

1549ರ ಬೇಸಿಗೆಯಲ್ಲಿ ಜನ ಸಿಡಿದೆದ್ದರು. ರಾಬರ್ಟ್ ಕೆಟ್ ಎಂಬಾತನ ಮುಂದಾಳುತನದಲ್ಲಿ ಸುಮಾರು 16 ಸಾವಿರ ಮಂದಿ ನಾರ್ವಿಚ್ ಪಟ್ಟಣದ ಹೊರಗಿನ ಮೌಸ್‌ಹೋಲ್ಡ್ ಎಂಬ ಬಯಲಿನಲ್ಲಿ ಬೀಡು ಬಿಟ್ಟರು. ಕೆಟ್ ಸ್ವತಃ ಕೂಲಿಯವನಲ್ಲ, ಸ್ವಲ್ಪ ಆಸ್ತಿಯಿದ್ದವನು. ಅವರು ದೊರೆಗೆ ಕಳಿಸಿದ 29 ಬೇಡಿಕೆಗಳಲ್ಲಿ ಊರ ಗೋಮಾಳದಲ್ಲಿ ಧಣಿಗಳು ಮೇಯಿಸಕೂಡದು ಎಂಬುದು ಒಂದು. ಇಂತಿಷ್ಟು ಆದಾಯಕ್ಕೆ ಮೀರಿದ ಭೂಮಾಲೀಕರು ಮನೆ ಖರ್ಚಿಗೆ ಬೇಕಾದಷ್ಟು ಬಿಟ್ಟು ಹೆಚ್ಚು ದನ ಕುರಿ ಸಾಕಬಾರದು ಎಂಬುದು ಇನ್ನೊಂದು. ಬೀಡಿನಲ್ಲಿದ್ದಷ್ಟು ದಿನ ಅವರು ಧಣಿಗಳ 20 ಸಾವಿರ ಕುರಿಗಳನ್ನು ಕೊಯ್ದು ತಿಂದರೆಂದು ಆಗಿನವರು ಬರೆದಿಟ್ಟಿದ್ದಾರೆ. ಲೆಕ್ಕ ಉತ್ಪ್ರೇಕ್ಷೆಯಿರಬಹುದು, ಸಿಟ್ಟು ಯಾವ ಪ್ರಾಣಿಯ ಮೇಲೆ ತೀರಿತೆಂಬುದು ಗಮನಿಸತಕ್ಕದ್ದು. ದಂಗೆಯನ್ನು ಸೈನ್ಯ ಅಡಗಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೆಟ್‌ನನ್ನು ನಾರ್ವಿಚ್ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಇದಾದ ಹದಿನಾರು ವರ್ಷಕ್ಕೆ, 1565ರಲ್ಲಿ, ಅದೇ ನಾರ್ವಿಚ್ ಪಟ್ಟಣಕ್ಕೆ ಸಮುದ್ರದಾಚೆಯ ಫ್ಲಾಂಡರ್ಸ್ ಕಡೆಯಿಂದ 30 ನೇಕಾರ ಕುಟುಂಬಗಳು ಬಂದು ನೆಲೆಸಿದವು. ಸ್ಪೇನಿನ ಆಳ್ವಿಕೆಯ ಧಾರ್ಮಿಕ ಹಿಂಸೆಗೆ ಬೆದರಿ ಬಂದವರು. ಅವರ ಹಿಂದೆ ಇನ್ನೂ ಸಾವಿರಾರು ಜನ ಬಂದರು. ನೇಯ್ಗೆಯ ಜೊತೆಗೆ ಹಿತ್ತಿಲ ತರಕಾರಿಯ ಕೈಗುಣವನ್ನೂ ತಂದರು. ಕ್ಯಾರೆಟ್, ಟರ್ನಿಪ್ ಮುಂತಾದ ಗೆಡ್ಡೆಗಳು ಊರ ಸುತ್ತ ಹಬ್ಬಿ ಬಡವರ ತಟ್ಟೆಗೂ ಬಂದವು. ಹಿತ್ತಿಲಲ್ಲಿ ಹೆಚ್ಚಾದದ್ದು ಕೊಟ್ಟಿಗೆಗೆ ಹೋಗುವುದು ಎಲ್ಲ ಊರಿನ ರೂಢಿ. ಕ್ರಮೇಣ, ಹದಿನೇಳನೆಯ ಶತಮಾನದ ನಡುವಿಗೆ, ನಾರ್ಫೋಕ್ ಮತ್ತು ಪಕ್ಕದ ಸಫೋಕ್ ಪ್ರಾಂತಗಳ ರೈತರು ಟರ್ನಿಪ್ಪನ್ನು ಹಿತ್ತಿಲಿನಿಂದ ಹೊಲಕ್ಕೆ ದಾಟಿಸಿದರು. ಫ್ಲಾಂಡರ್ಸಿನಲ್ಲಿ ಇದು ಆಗಲೇ ನಡೆಯುತ್ತಿತ್ತು. ದೇಶಭ್ರಷ್ಟನಾಗಿ 1644ರಲ್ಲಿ ಅಲ್ಲಿದ್ದ ಸರ್ ರಿಚರ್ಡ್ ವೆಸ್ಟನ್ ಎಂಬ ಇಂಗ್ಲಿಷ್ ಜಮೀನುದಾರ ಬರಡು ನೆಲದಲ್ಲಿ ಟರ್ನಿಪ್ ಮತ್ತು ಕ್ಲೋವರ್ ಬೆಳೆಯುವುದನ್ನು ಕಣ್ಣಾರೆ ಕಂಡು ಬರೆದ ಪುಸ್ತಕ 1650ರಲ್ಲಿ ಅಚ್ಚಾಯಿತು. ಡೇನಿಯಲ್ ಡೀಫೋ, ಅಂದರೆ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತಿರುವ ರಾಬಿನ್ಸನ್ ಕ್ರೂಸೋ ಕಥೆಯ ಕರ್ತೃ, 1724ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿ ಕುರಿ ದನಗಳನ್ನು ಟರ್ನಿಪ್ಪಿನಿಂದ ಕೊಬ್ಬಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಮೊದಲಾದದ್ದು ಸಫೋಕಿನಲ್ಲಿ ಎಂದು ಹೇಳಿದ್ದಾನೆ.

ಇಷ್ಟೆಲ್ಲ ಇದ್ದರೂ ಬಹುಕಾಲ ಶಾಲಾ ಪುಸ್ತಕಗಳು ಕೀರ್ತಿಯನ್ನು ಒಬ್ಬನ ತಲೆಗೇ ಕಟ್ಟಿದವು. ಆತ ಚಾರ್ಲ್ಸ್ ಟೌನ್‌ಷೆಂಡ್. ಎರಡನೆಯ ವೈಕೌಂಟ್, ದೊರೆಯ ಮಂತ್ರಿ. ಪ್ರಧಾನಿಯಾಗಿದ್ದ ಭಾವಮೈದುನ ವಾಲ್ಪೋಲನೊಡನೆ ಮನಸ್ಸು ಮುರಿದು 1730ರಲ್ಲಿ ರಾಜಕೀಯ ಬಿಟ್ಟು ನಾರ್ಫೋಕಿನ ರೇನಮ್ ಎಂಬ ತನ್ನ ಜಹಗೀರಿಗೆ ಬಂದವನು. ಬಂದವನು ಟರ್ನಿಪ್ ಬೆಳೆಸಿದ, ಸದಾ ಅದರ ಮಾತನ್ನೇ ಆಡಿದ. ಪೋಪ್ ಕವಿ ತನ್ನ ಪದ್ಯವೊಂದರಲ್ಲಿ ಅವನ ಟರ್ನಿಪ್ಪನ್ನು ಹೆಸರಿಸಿ ನಗೆಯಾಡಿದ. ಜನರ ಬಾಯಲ್ಲಿ ಆತ 'ಟರ್ನಿಪ್ ಟೌನ್‌ಷೆಂಡ್' ಎಂದೇ ಉಳಿದ. ಆದರೆ ಆತ ಹುಟ್ಟಿದ್ದು 1674ರಲ್ಲಿ. ಅಷ್ಟು ಹೊತ್ತಿಗೆ ಆ ಸೀಮೆಯ ಹೊಲಗಳಲ್ಲಿ ಟರ್ನಿಪ್ ಬೇರೂರಿತ್ತು.

ಇದು ಗೊತ್ತಾದ ಬಗೆಯೂ ಸ್ವಾರಸ್ಯವಾಗಿದೆ. ರೈತನೊಬ್ಬ ಸತ್ತಾಗ ನೆರೆಯವರು ಅವನ ಮನೆಯ ಪಾತ್ರೆ, ಹಾಸಿಗೆ, ಹಸು, ಕಣಜದ ಕಾಳು, ಹೊಲದ ಬೆಳೆ ಎಲ್ಲವನ್ನೂ ಬೆಲೆ ಕಟ್ಟಿ ಪಟ್ಟಿ ಮಾಡಿ ಉಯಿಲಿನ ಕಚೇರಿಗೆ ಒಪ್ಪಿಸುವುದು ಅಲ್ಲಿನ ಕಾನೂನು. ಅಂಥ ಪಟ್ಟಿಗಳು ಸಾವಿರಗಟ್ಟಲೆ ಉಳಿದಿವೆ. ಮಾರ್ಕ್ ಓವರ್ಟನ್ ಮೊದಲಾದ ಇತಿಹಾಸಕಾರರು ಅವನ್ನು ಒಂದೊಂದಾಗಿ ತಿರುವಿ, ಯಾವ ವರ್ಷ ಎಷ್ಟು ರೈತರ ಹೊಲದಲ್ಲಿ ಟರ್ನಿಪ್ ಇತ್ತೆಂದು ಎಣಿಸಿದರು. ಮಂತ್ರಿಗಳಿಗಿಂತ ಬಹಳ ಮುಂಚೆ ಹೆಸರಿಲ್ಲದ ರೈತರು ಅಲ್ಲಿ ಸಿಕ್ಕರು. ಮೊದಮೊದಲು ಅವರು ಬೇಲಿ ಹಾಕಿದ ಸಣ್ಣ ಹೊಲಗಳಲ್ಲಿಯೇ ಇದನ್ನು ಬೆಳೆದು ಹೆಚ್ಚಾಗಿ ದನಗಳಿಗೆ ಹಾಕುತ್ತಿದ್ದರು. ಕಾರಣ ಸ್ಪಷ್ಟ. ಬೇಲಿಯಿಲ್ಲದ ಬಯಲ ಹೊಲದಲ್ಲಿ ಚಳಿಗಾಲದ ಬೆಳೆ ಬೆಳೆದರೆ ಹಕ್ಕಿನ ಹೆಸರಿನಲ್ಲಿ ಧಣಿಯ ಮಂದೆ ಬಂದು ಮೇಯ್ದು ಹೋಗುತ್ತಿತ್ತು.

ಟೌನ್‌ಷೆಂಡನದು ಏನೂ ಇಲ್ಲವೆನ್ನುವುದೂ ತಪ್ಪಾದೀತು. ದೊಡ್ಡವರು ಮಾಡಿದ್ದನ್ನು ಊರು ನೋಡುತ್ತದೆ. ಅವನ ನಂತರ ಅದೇ ಪ್ರಾಂತದ ಹೋಲ್ಕಮ್ ಎಸ್ಟೇಟಿನ ಥಾಮಸ್ ಕೋಕ್ 1776ರಿಂದ ಅರುವತ್ತು ವರ್ಷಕ್ಕೂ ಮಿಕ್ಕಿ ಇದೇ ಬೇಸಾಯವನ್ನು ಮೆರೆಸಿದ. ಉಣ್ಣೆ ಕತ್ತರಿಸುವ ಕಾಲಕ್ಕೆ ಆತ ಪ್ರತಿ ವರ್ಷ ನಡೆಸುತ್ತಿದ್ದ ಕೃಷಿ ಜಾತ್ರೆಗೆ ದೇಶ ವಿದೇಶದ ಜನ ಬರುತ್ತಿದ್ದರು. 1821ರವರೆಗೆ ಅದು ನಡೆಯಿತು. ಅವನ ಸ್ಮಾರಕ ಸ್ತಂಭದ ನಾಲ್ಕು ಮೂಲೆಗಳಲ್ಲಿ ಎತ್ತು, ಕುರಿ, ನೇಗಿಲು, ಕೂರಿಗೆಗಳನ್ನು ಕೆತ್ತಿದ್ದಾರೆ. ಅಂದಹಾಗೆ, ಕೂರಿಗೆಯನ್ನು ಜೆಥ್ರೊ ಟಲ್ ಎಂಬಾತ 1701ರ ಸುಮಾರಿಗೆ ಕಂಡುಹಿಡಿದನೆಂದು ಆ ದೇಶದವರು ಹೇಳುತ್ತಾರೆ. ನಮ್ಮ ದಖ್ಖನಿನ ರೈತನ ಹೆಗಲ ಮೇಲೆ ಕೂರಿಗೆ ಅದಕ್ಕೂ ಬಹಳ ಹಿಂದಿನಿಂದ ಇತ್ತು. 1795ರಲ್ಲಿ ಹ್ಯಾಲ್ಕಟ್ ಎಂಬ ಕಂಪನಿಯ ಅಧಿಕಾರಿ ಗುಂಟೂರಿನ ಕಡೆ ಅದನ್ನು ಕಂಡು ಬೆರಗಾಗಿ ಲಂಡನ್ನಿಗೆ ಕಾಗದ ಬರೆದ.

ಪದ್ಧತಿ ಹೀಗೆ. ಹೊಲವನ್ನು ನಾಲ್ಕು ಭಾಗ ಮಾಡಿ ಒಂದರಲ್ಲಿ ಗೋಧಿ, ಎರಡನೆಯದರಲ್ಲಿ ಟರ್ನಿಪ್, ಮೂರನೆಯದರಲ್ಲಿ ಬಾರ್ಲಿ, ನಾಲ್ಕನೆಯದರಲ್ಲಿ ಕ್ಲೋವರ್. ಮರುವರ್ಷ ಒಂದೊಂದು ಬೆಳೆ ಒಂದೊಂದು ಹೊಲ ಮುಂದೆ ಸರಿಯುತ್ತದೆ. ಬೀಳು ಎಂಬುದೇ ಇಲ್ಲ. ಕ್ಲೋವರ್ ನಮ್ಮ ಹುರುಳಿ, ಅವರೆಯಂತೆ ಗಾಳಿಯ ಸಾರಜನಕವನ್ನು ಬೇರಿನ ಗಂಟಿನಲ್ಲಿ ಹಿಡಿದಿಡುವ ಗಿಡ. ಅದು ಹೇಗೆಂದು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ಟ್ ತೋರಿಸಿಕೊಟ್ಟದ್ದು 1886ರ ನಂತರ. ರೈತನಿಗೆ ಅದರ ಫಲ ಎರಡು ಶತಮಾನ ಮೊದಲೇ ಗೊತ್ತಿತ್ತು. ಟರ್ನಿಪ್ಪಿಗೆ ಈ ಗುಣವಿಲ್ಲ. ಅದು ಮಾಡುವ ಉಪಕಾರ ಬೇರೆ. ಜೂನ್ ಜುಲೈನಲ್ಲಿ ಬಿತ್ತಿ, ಸಾಲಿನ ನಡುವೆ ಎರಡು ಮೂರು ಬಾರಿ ಕಳೆ ತೆಗೆಯುವುದರಿಂದ ಬೀಳು ಬಿಟ್ಟಾಗ ಆಗುತ್ತಿದ್ದ ಹಸನು ಬೆಳೆಯಿರುವಾಗಲೇ ಆಗುತ್ತದೆ. ಚಳಿ ಇಳಿಯುವ ಹೊತ್ತಿಗೆ ಗೆಡ್ಡೆ ಬಲಿತಿರುತ್ತದೆ. ಆಗ ಕುರಿ ಬರುತ್ತದೆ.

ಇಡೀ ಹೊಲಕ್ಕೆ ಮಂದೆಯನ್ನು ಒಮ್ಮೆಗೇ ನುಗ್ಗಿಸುತ್ತಿರಲಿಲ್ಲ. ನುಗ್ಗಿಸಿದರೆ ಕಚ್ಚಿ, ತುಳಿದು, ಅರ್ಧ ಕೆಡಿಸುತ್ತವೆ. ಹೇಜಲ್ ಎಂಬ ಗಿಡದ ಬರಲುಗಳಿಂದ ಹೆಣೆದ ತಡಿಕೆಗಳನ್ನು ನೆಟ್ಟು ಒಂದು ದಿನಕ್ಕೆ ಸಾಕಾಗುವಷ್ಟು ಬೆಳೆಯನ್ನು ಮಾತ್ರ ಒಳಗೆ ಮಾಡಿ ಕುರಿ ಬಿಡುವುದು. ನಾಳೆ ತಡಿಕೆಯನ್ನು ಕಿತ್ತು ಮುಂದಕ್ಕೆ ನೆಡುವುದು. ತಾಯಿಕುರಿ ನುಸುಳಲಾಗದ, ಮರಿ ಮಾತ್ರ ನುಸುಳಬಹುದಾದ ಕಿಂಡಿಗಳನ್ನು ಬಿಟ್ಟರೆ ಮರಿಗಳು ಮುಂದಿನ ದಿನದ ಎಳೆಯ ಸೊಪ್ಪನ್ನು ಮೊದಲು ತಿಂದು ಬರುತ್ತಿದ್ದವು. ಎಲೆ ಮುಗಿದ ಮೇಲೆ ಗೆಡ್ಡೆಯ ಮೇಲ್ಭಾಗ, ನಂತರ ನೆಲದೊಳಗೆ ಉಳಿದ ಬುಡವನ್ನು ಆಳು ಕೊಕ್ಕೆಯಿಂದ ಮೀಟಿ ಮೇಲೆತ್ತಿ ಕೊಡುತ್ತಿದ್ದ. ಒಂದು ಕುರಿ ದಿನಕ್ಕೆ ಎಂಟು ಒಂಬತ್ತು ಕಿಲೋ ಗೆಡ್ಡೆ ತಿನ್ನುತ್ತಿತ್ತು. ಬರೀ ನೀರು ಕುಡಿದಂತಾಗಬಾರದೆಂದು ಒಣಹುಲ್ಲನ್ನೂ ಇಡುತ್ತಿದ್ದರು. ಹಳೆಯ ಕುರಿಗಳಿಗೆ ಗಟ್ಟಿ ಗೆಡ್ಡೆ ಕಚ್ಚಿ ಮುಂದಿನ ಹಲ್ಲು ಮುರಿಯುವ ತೊಂದರೆಯಿತ್ತು. ಅದಕ್ಕೆಂದೇ 1830ರ ದಶಕದಲ್ಲಿ ಬ್ಯಾನ್ಬರಿ ಊರಿನ ಗಾರ್ಡ್ನರ್ ಎಂಬಾತನ ಕೈಯಿಂದ ಟರ್ನಿಪ್ ಹೆಚ್ಚುವ ಯಂತ್ರ ಬಂತು.

ಕುರಿ ತಿಂದು ಸರಿದ ಪಟ್ಟೆಯಲ್ಲಿ ಹಿಕ್ಕೆ, ಮೂತ್ರ ಎರಡೂ ಬಿದ್ದು, ತುಳಿತದಿಂದ ಮಣ್ಣು ಬಿಗಿದು, ವಸಂತದಲ್ಲಿ ಬಾರ್ಲಿಗೆ ನೆಲ ಸಿದ್ಧ. ಗಾಡಿಯಲ್ಲಿ ಮೇವು ಸಾಗಿಸುವ ಕೂಲಿಯಿಲ್ಲ, ಗೊಬ್ಬರ ಸಾಗಿಸುವ ಕೂಲಿಯೂ ಇಲ್ಲ. ಕುರಿಯ ಗೊರಸನ್ನು ಅಲ್ಲಿನವರು ಚಿನ್ನದ ಗೊರಸೆಂದು ಕರೆದದ್ದು ಉತ್ಪ್ರೇಕ್ಷೆಯೇನಲ್ಲ. ಹದಿನೇಳನೆಯ ಶತಮಾನದ ಕೊನೆಯಿಂದ ಹತ್ತೊಂಬತ್ತರ ನಡುವಿಗೆ ಗೋಧಿಯ ಎಕರೆವಾರು ಇಳುವರಿ ಸರಿಸುಮಾರು ಇಮ್ಮಡಿಯಾಯಿತು. 1700ರಲ್ಲಿ 50 ಲಕ್ಷದ ಆಸುಪಾಸಿನಲ್ಲಿದ್ದ ಇಂಗ್ಲೆಂಡಿನ ಜನಸಂಖ್ಯೆ 1851ರ ಹೊತ್ತಿಗೆ ಒಂದೂವರೆ ಕೋಟಿ ದಾಟಿತ್ತು. ಇದಕ್ಕೆಲ್ಲ ಟರ್ನಿಪ್ ಒಂದೇ ಕಾರಣವಲ್ಲ. ಅದಿಲ್ಲದೆ ಆ ಹಗುರ ಮಣ್ಣಿನ ಸೀಮೆಗಳು ಗೋಧಿಯ ಕಣಜವಾಗುತ್ತಿರಲಿಲ್ಲ ಎನ್ನುವುದಕ್ಕೆ ಅಡ್ಡಿಯಿಲ್ಲ.

ಕುರಿಯ ತಳಿಯೂ ಬದಲಾಯಿತು. ಹಳೆಯ ನಾರ್ಫೋಕ್ ಕುರಿ ಉದ್ದ ಕಾಲಿನದು, ಕಪ್ಪು ಮೋರೆಯದು, ಕೊಂಬಿನದು. ಹಗಲು ಮೈಲಿಗಟ್ಟಲೆ ನಡೆದು ಒಣ ಬಯಲಿನಲ್ಲಿ ಮೇಯ್ದು ರಾತ್ರಿ ಹೊಲಕ್ಕೆ ಬಂದು ಕೂರುವ ಜಾತಿ. ನಮ್ಮ ದಖ್ಖನಿ ಕುರಿಯನ್ನು ನೆನೆಸಿಕೊಂಡರೆ ಸಾಕು. ಕಾಲಬುಡಕ್ಕೇ ಮೇವು ಬಂದ ಮೇಲೆ ನಡೆಯುವ ಕಾಲು ಯಾರಿಗೆ ಬೇಕು? ರಾಬರ್ಟ್ ಬೇಕ್‌ವೆಲ್ ಲೆಸ್ಟರ್‌ಷೈರಿನಲ್ಲಿ ತಳಿ ತಿದ್ದಿ ತಯಾರಿಸಿದ ದುಂಡನೆಯ ಕುರಿ, ಗಿಡ್ಡ ಕಾಲಿನ ಸೌತ್‌ಡೌನ್ ಕುರಿ ಬಂದವು. ಕೋಕ್ ತನ್ನ ಸೀಮೆಯ ಹಳೆಯ ತಳಿಯನ್ನು ಹೀಗಳೆದು ಸೌತ್‌ಡೌನಿಗೆ ಒಲಿದ. ಇಪ್ಪತ್ತನೆಯ ಶತಮಾನದಲ್ಲಿ ನಾರ್ಫೋಕ್ ಕೊಂಬಿನ ಕುರಿ ಅಳಿವಿನ ಅಂಚಿಗೇ ಬಂತು. ಈಗ ಅದನ್ನು ಅಭಿಮಾನಿಗಳು ಜತನವಾಗಿ ಉಳಿಸುತ್ತಿದ್ದಾರೆ.

ಈಗ ಇದರ ಇನ್ನೊಂದು ಮುಖ. ತಡಿಕೆ ನೆಡಬೇಕಾದರೆ ಹೊಲ ಒಟ್ಟಾಗಿರಬೇಕು, ಬೇಲಿ ಇರಬೇಕು, ಇತರರ ಮೇವಿನ ಹಕ್ಕು ಇರಕೂಡದು. ಪಾರ್ಲಿಮೆಂಟು ಕಾಯಿದೆಯ ಮೇಲೆ ಕಾಯಿದೆ ಮಾಡಿ ಬಯಲ ಹೊಲಗಳಿಗೂ ಗೋಮಾಳಗಳಿಗೂ ಬೇಲಿ ಹಾಕಿಸಿತು. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಕಾಯಿದೆಗಳಾಗಿ 68 ಲಕ್ಷ ಎಕರೆ ಬೇಲಿಯೊಳಗೆ ಹೋಯಿತು. ಹಸುವೊಂದನ್ನು ಗೋಮಾಳದಲ್ಲಿ ಕಟ್ಟಿ ಬದುಕುತ್ತಿದ್ದವನು ಹಸು ಮಾರಿ ಕೂಲಿಯವನಾದ. ಕೆಟ್‌ನ ಜನ ಯಾವ ಧಣಿಯ ಕುರಿಯ ವಿರುದ್ಧ ಎದ್ದಿದ್ದರೋ ಅದು ಎರಡು ಶತಮಾನದ ನಂತರ ವಿಜ್ಞಾನದ ಹೆಸರಿನಲ್ಲಿ ಗೆದ್ದಿತು ಎಂದು ನನಗೆ ಅನ್ನಿಸಿದೆ. ಪ್ರಗತಿಪರ ಬೇಸಾಯವನ್ನು ಹಾಡಿ ಹೊಗಳಿದ ಆರ್ಥರ್ ಯಂಗನೇ ತನ್ನ ಕೊನೆಗಾಲದಲ್ಲಿ, ಬೇಲಿಯಿಂದ ಬಡವರಿಗಾದ ನಷ್ಟವನ್ನು ಕಂಡು ನೊಂದು ಬರೆದ.

ಹೊಲದ ಕೆಲಸವೂ ಸುಖದ್ದಲ್ಲ. ಮಂಜು ಬಿದ್ದು ಕಲ್ಲಾದ ನೆಲದಿಂದ ಗೆಡ್ಡೆ ಕೀಳುವುದು, ಬರಿಗೈಯಲ್ಲಿ ಮಣ್ಣು ಕೆರೆಯುವುದು, ಇವು ಹೆಂಗಸರ ಮತ್ತು ಮಕ್ಕಳ ಪಾಲಿಗೆ ಬಂದವು. ಪೂರ್ವದ ಪ್ರಾಂತಗಳಲ್ಲಿ ಮೇಸ್ತ್ರಿಗಳು ಮಕ್ಕಳ ಗುಂಪು ಕಟ್ಟಿಕೊಂಡು ಹೊಲದಿಂದ ಹೊಲಕ್ಕೆ ನಡೆಸುತ್ತಿದ್ದರು. ಎಂಟು ವರ್ಷದೊಳಗಿನ ಮಕ್ಕಳನ್ನು ಇಂಥ ಗುಂಪಿಗೆ ಸೇರಿಸಬಾರದು ಎಂಬಷ್ಟನ್ನು ಹೇಳಲು 1867ರ ಕಾಯಿದೆ ಬರಬೇಕಾಯಿತು. ಥಾಮಸ್ ಹಾರ್ಡಿಯ 'ಟೆಸ್' ಕಾದಂಬರಿ ಓದಿದವರಿಗೆ ಆ ಕಲ್ಲು ಹೊಲವೂ, ಮಳೆಯಲ್ಲಿ ನೆನೆಯುತ್ತ ಗೆಡ್ಡೆ ಕೀಳುವ ಇಬ್ಬರು ಹೆಣ್ಣುಮಕ್ಕಳೂ ನೆನಪಿರಬೇಕು.

ಪದ್ಧತಿ ಇಳಿಮುಖವಾದದ್ದು ಬೇಗನೆ ಹೇಳಿ ಮುಗಿಸಬಹುದು. 1842ರಲ್ಲಿ ಲಾಸ್ ಎಂಬಾತ ಸೂಪರ್ ಫಾಸ್ಫೇಟ್ ಗೊಬ್ಬರಕ್ಕೆ ಹಕ್ಕುಪತ್ರ ಪಡೆದು, ಮರುವರ್ಷ ರಾಥಮ್‌ಸ್ಟೆಡ್ಡಿನಲ್ಲಿ ಪ್ರಯೋಗ ಆರಂಭಿಸಿದ. ಮೊದಲು ಹಾಕಿ ನೋಡಿದ ಬೆಳೆಗಳಲ್ಲಿ ಟರ್ನಿಪ್ಪೂ ಒಂದು. ಗೆಡ್ಡೆ ಚೆನ್ನಾಗಿ ಊದಿತು. ಟರ್ನಿಪ್ಪಿಗೆ ನೆರವಾದ ಚೀಲದ ಗೊಬ್ಬರವೇ ಮುಂದೆ ಕುರಿಯ ಹಿಕ್ಕೆಗೆ ಬದಲಿಯಾಯಿತು. 1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಬಂತು. 1882ರಲ್ಲಿ 'ಡ್ಯೂನೆಡಿನ್' ಹಡಗು ನ್ಯೂಜಿಲೆಂಡಿನಿಂದ ಸುಮಾರು 5 ಸಾವಿರ ಕುರಿಗಳ ಮಾಂಸವನ್ನು ಶೈತ್ಯದಲ್ಲಿಟ್ಟು ಲಂಡನ್ನಿಗೆ ತಂದಿತು. ಕೂಲಿ ದುಬಾರಿಯಾಯಿತು. ತಡಿಕೆ ಹೊರುವವರು ಪಟ್ಟಣಕ್ಕೆ ಹೋದರು.

ಬೆಂಗಳೂರಿಗೆ ಈ ಬಳಗದ ತರಕಾರಿಗಳು ಬಂದ ದಾರಿ ಬೇರೆ. 1809ರಲ್ಲಿ ದಂಡುಪ್ರದೇಶ ಸ್ಥಾಪನೆಯಾದ ಮೇಲೆ ಅಲ್ಲಿನ ಬಿಳಿಯರ ಅಡಿಗೆಮನೆಗಾಗಿ ಕೋಸು, ಕ್ಯಾರೆಟ್, ಟರ್ನಿಪ್‌ಗಳನ್ನು ಸುತ್ತಲಿನ ತೋಟಗಳಲ್ಲಿ ಬೆಳೆಯತೊಡಗಿದರು. ಲಾಲ್‌ಬಾಗ್ ಬೀಜ ಹಂಚಿತು, ತಿಗಳರು ಕೈಹಿಡಿದು ಬೆಳೆಸಿದರು. ಟರ್ನಿಪ್ ಮೂಲೆ ಸೇರಿತು, ಕೋಸು ನಮ್ಮದಾಯಿತು. ನಮ್ಮ ಕುರಿಗಾರನಿಗೆ ಅದು ಮೇವಾಗಿ ಬೇಕೂ ಇರಲಿಲ್ಲ. ಕೂಳೆ, ಬೀಳು, ಕೆರೆಯಂಗಳ, ಜಾಲಿಯ ಕಾಯಿ ಇಷ್ಟರ ಮೇಲೆ ಅವನ ಮಂದೆ ನಡೆಯುತ್ತಿತ್ತು. ತರಕಾರಿ ಹೊಲ ಅವನಿಗೆ ನಿಷಿದ್ಧ. ಕುರಿ ನುಗ್ಗಿತೆಂದರೆ ಜಗಳ.

1973ರಲ್ಲಿ ಬೆಂಗಳೂರಿನ ಇಂಡೋ ಅಮೆರಿಕನ್ ಸಂಸ್ಥೆ 'ಕರ್ನಾಟಕ' ಎಂಬ ಹೈಬ್ರಿಡ್ ಟೊಮೇಟೊವನ್ನು ಹೊರತಂದಿತು. ಕೊಳವೆಬಾವಿ, ಹನಿ ನೀರಾವರಿ ಕೂಡಿಕೊಂಡವು. ವರ್ಷಪೂರ್ತಿ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆ ದೇಶದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲಿ ಒಂದಾಯಿತು. ಮಿಗುವಷ್ಟು ತರಕಾರಿ ಎಂಬುದು ಹೀಗೆ ಒಂದೇ ತಲೆಮಾರಿನಲ್ಲಿ ಹುಟ್ಟಿದ ಸಂಗತಿ. ಬೆಲೆಯ ಆಟವೂ ಅದರೊಡನೆ ಬಂತು. 2023ರ ಜುಲೈನಲ್ಲಿ ಕಿಲೋಗೆ ನೂರು ರೂಪಾಯಿ ಮೀರಿದ ಟೊಮೇಟೊ ಇನ್ನೊಂದು ಸಲ ಬೀದಿಗೆ ಸುರಿಯುವಷ್ಟು ಅಗ್ಗ. ಇತ್ತ ಕುರಿಯೂ ಕಡಿಮೆಯಿಲ್ಲ. 2019ರ ಜಾನುವಾರು ಗಣತಿಯಲ್ಲಿ ರಾಜ್ಯದ ಕುರಿಗಳು 1 ಕೋಟಿ 11 ಲಕ್ಷ. ತೆಲಂಗಾಣ, ಆಂಧ್ರಪ್ರದೇಶ ಬಿಟ್ಟರೆ ನಮ್ಮದೇ ಹೆಚ್ಚು. ಗೋಮಾಳಗಳು ಕರಗಿ, ಕೆರೆಯಂಗಳ ಒತ್ತುವರಿಯಾಗಿ ಅವುಗಳ ಮೇವು ಕಿರಿದಾಗುತ್ತ ಬಂದಿದೆ.

ಮಿಕ್ಕ ತರಕಾರಿಯನ್ನು ಕುರಿಗೆ ಹಾಕುವುದರಲ್ಲಿ ಎಚ್ಚರ ಬೇಕು. ಒಣಮೇವು ತಿನ್ನುತ್ತಿದ್ದ ಮಂದೆಯನ್ನು ಹಸಿದ ಹೊಟ್ಟೆಯಲ್ಲಿ ಕೋಸಿನ ಹೊಲಕ್ಕೆ ಬಿಟ್ಟರೆ ಹೊಟ್ಟೆಯುಬ್ಬರ ಬರಬಹುದು. ಒಂದೆರಡು ಗಂಟೆಯಿಂದ ಆರಂಭಿಸಿ ಒಂದು ವಾರದಲ್ಲಿ ಏರಿಸಬೇಕು, ಒಣಮೇವು ಕೊಟ್ಟೇ ಬಿಡಬೇಕು. ನಾರ್ಫೋಕಿನವರ ಒಣಹುಲ್ಲಿನ ಗುಟ್ಟು ಇದೇ. ಕೋಸಿನ ಬಳಗವನ್ನೇ ಬಹುದಿನ ತಿಂದ ಕುರಿಗೆ ರಕ್ತ ಕಡಿಮೆಯಾಗುವುದುಂಟು, ಗಳಗಂಡ ಬರುವುದುಂಟು. ಈರುಳ್ಳಿ ಹೆಚ್ಚಾದರೂ ರಕ್ತಕ್ಕೆ ಕೇಡು. ದನಕ್ಕಿಂತ ಕುರಿ ತುಸು ತಡೆದೀತು. ಹಸುರುಗಟ್ಟಿದ ಆಲೂಗಡ್ಡೆಯಲ್ಲಿ ವಿಷವಿದೆ. ಹಣ್ಣಾದ ಟೊಮೇಟೊ ಮಿತವಾಗಿ ಸರಿ, ಅದರ ಗಿಡ ಬೇಡ. ಎಲ್ಲಕ್ಕಿಂತ ಮಿಗಿಲಾದ ಭಯ ಔಷಧಿಯದು. ಕೋಸಿಗೂ ಟೊಮೇಟೊಗೂ ಎಷ್ಟು ಬಾರಿ ಸಿಂಪಡಿಸುತ್ತಾರೆಂಬುದು ಗೊತ್ತೇ ಇದೆ. ಹದಿನೆಂಟನೆಯ ಶತಮಾನದ ರೈತನಿಗೆ ಈ ಚಿಂತೆಯಿರಲಿಲ್ಲ. ಹೊಲದವನು ಕಡೆಯ ಸಿಂಪಡಣೆಯ ದಿನವನ್ನು ಮಂದೆಯವನಿಗೆ ಮುಚ್ಚಿಡದೆ ಹೇಳಬೇಕು. ಹಣ್ಣು ತರಕಾರಿಗಳ ಉಳಿಕೆಯನ್ನು ಮೇವಾಗಿ ಬಳಸುವ ಬಗೆಗೆ ಲುಧಿಯಾನದ ಇಬ್ಬರು ವಿಜ್ಞಾನಿಗಳು ಬರೆದ ಪುಸ್ತಕವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಹೊರತಂದಿದೆ. ಒಣಮೇವಿನೊಡನೆ ಬೆರೆಸಿ ಗುಂಡಿಯಲ್ಲಿ ರಸಮೇವು ಮಾಡಿಟ್ಟುಕೊಳ್ಳುವುದೂ ಸಾಧ್ಯವಿದೆ. ನೀರಿನಂಶ ಹೆಚ್ಚಾದ್ದರಿಂದ ಬರಿಯ ತರಕಾರಿಯನ್ನು ಹಾಕಿದರೆ ಕೊಳೆಯುತ್ತದೆ.

ಬೆಲೆ ಬಿದ್ದ ಹೊಲಕ್ಕೆ ಕುರಿ ಬಿಟ್ಟ ರೈತ ಅಂದು ಏನನ್ನೂ ಕೇಳುವುದಿಲ್ಲ. ತಿಂದು ಹಾಳಾಗಲಿ ಎಂದು ಬೇಸರದಿಂದ ಬಿಡುತ್ತಾನೆ. ಮಂದೆ ಹಗಲು ಮೇಯ್ದು ರಾತ್ರಿ ಬೇರೆಯವರ ಹೊಲಕ್ಕೆ ಹೋಗಿ ಕೂರುತ್ತದೆ, ಅಲ್ಲಿ ಮಂದೆಯವನಿಗೆ ರೊಕ್ಕ ಸಿಗುತ್ತದೆ. ಮೇಯ್ದ ಹೊಲದಲ್ಲಿಯೇ ನಾಲ್ಕು ರಾತ್ರಿ ತರುಬಬೇಕೆಂದು ರೈತ ಕೇಳಿದರೆ ಮಂದೆಯವನು ಇಲ್ಲವೆನ್ನಲಾರ. ಮುಂದಿನ ಬೆಳೆಯ ಗೊಬ್ಬರದ ಖರ್ಚಿನಲ್ಲಿ ಒಂದಷ್ಟಾದರೂ ಅಲ್ಲಿಯೇ ಹುಟ್ಟುತ್ತದೆ. ಇಂಗ್ಲೆಂಡಿನ ಲಿಂಕನ್‌ಷೈರಿನಲ್ಲಿ ಇಂದಿಗೂ ಹೂಕೋಸು ಕೊಯ್ದ ಹೊಲಗಳಿಗೆ ಚಳಿಗಾಲದಲ್ಲಿ ಕುರಿ ಬಿಡುತ್ತಾರೆ. ಹೇಜಲ್ ತಡಿಕೆಯ ಜಾಗದಲ್ಲಿ ವಿದ್ಯುತ್ ತಂತಿಯ ಬೇಲಿ ಬಂದಿದೆ. ಬ್ರಿಟನ್ನಿನಲ್ಲಿ ಹೀಗೆ ಇತರರ ಚಳಿಗಾಲದ ಬೆಳೆಯ ಮೇಲೆ ಮಂದೆ ಬಿಡುವ ಕುರಿಗಾರ ಸಾಮಾನ್ಯವಾಗಿ ವಾರಕ್ಕೆ ತಲೆಗಿಷ್ಟೆಂದು ಲೆಕ್ಕ ಹಾಕಿ ಹೊಲದ ಯಜಮಾನನಿಗೆ ಹಣ ಕೊಡುತ್ತಾನೆ.